ಊರ ಪಾರ್ಕಿಗೆ ಡಿಸ್ಕ್ ಗಾಲ್ಫ್ ಬರುವುದಾದರೆ



ಅಮೆರಿಕದ ಒಂದು ಪುಟ್ಟ ಪಟ್ಟಣದಲ್ಲಿ ನೆಲೆಸಿರುವ, ಮೂಲತಃ ನಮ್ಮ ಕರಾವಳಿಯವರೇ ಆದ ಓದುಗರೊಬ್ಬರು ಇತ್ತೀಚೆಗೆ ನಮಗೊಂದು ಪತ್ರ ಬರೆದಿದ್ದಾರೆ. ಅವರ ಮನೆಯ ಹಿಂಬದಿಯಲ್ಲಿ ನಗರಾಡಳಿತಕ್ಕೆ ಸೇರಿದ ಒಂದು ಪಾರ್ಕ್ ಇದೆಯಂತೆ. ಮರಗಳ ನಡುವೆ ಕಾಲುದಾರಿ, ಒಂದು ಸಣ್ಣ ತೋಡು, ಮಕ್ಕಳಿಗೆ ಜಾರುಬಂಡಿ. ಊರಿನಿಂದ ಹೋಗಿ ಮಗನ ಜೊತೆಗಿರುವ ಅವರ ತಾಯಿಗೆ ಸಂಜೆ ಹೊತ್ತು ಅಲ್ಲಿ ನಡೆದಾಡುವುದೇ ದಿನದ ಸಮಾಧಾನ. ಈಗ ಆ ಪಾರ್ಕಿನಲ್ಲಿ ‘ಡಿಸ್ಕ್ ಗಾಲ್ಫ್ ಕೋರ್ಸ್’ ಒಂದನ್ನು ನಿರ್ಮಿಸಿಕೊಡಬೇಕೆಂದು ಆ ಊರಿನ ಯುವಕರು ನಗರಾಡಳಿತಕ್ಕೆ ಅರ್ಜಿ ಸಲ್ಲಿಸಿದ್ದಾರೆ. ಅರ್ಜಿಗೆ ಸಹಿ ಹಾಕಿದವರಲ್ಲಿ ಪತ್ರ ಬರೆದವರ ಹದಿಹರೆಯದ ಮಗನೂ ಒಬ್ಬ. "ಅಮ್ಮ ಬೇಡವೇ ಬೇಡ ಎನ್ನುತ್ತಾರೆ, ಮಗ ಬೇಕೇ ಬೇಕು ಎನ್ನುತ್ತಾನೆ. ಮುಂದಿನ ತಿಂಗಳು ಸಾರ್ವಜನಿಕ ಸಭೆ ಇದೆ. ನಾನು ಏನು ಹೇಳಲಿ ಫಾದರ್?" ಎಂದು ಅವರು ಕೇಳಿದ್ದಾರೆ.

ಈ ಆಟವನ್ನು ಆಡಿದ ಅನುಭವ ನಮಗಿಲ್ಲ. ಆದರೆ ಊರಿಗೆಲ್ಲ ಸೇರಿದ ಜಾಗದಲ್ಲಿ ಕೆಲವರಿಗಾಗಿ ಏನನ್ನಾದರೂ ಕಟ್ಟುವಾಗ ಏಳುವ ಪ್ರಶ್ನೆಗಳು ನಮಗೆ ಹೊಸತಲ್ಲ. ಆದ್ದರಿಂದ ಈ ಆಟ ಏನು, ಅದು ಎಲ್ಲಿಂದ ಬಂತು, ಒಂದು ಊರು ತನಗೊಂದು ಕೋರ್ಸ್ ಮಾಡಿಕೊಳ್ಳುವುದು ಹೇಗೆ, ಅದರಲ್ಲಿ ಎಲ್ಲಿ ಎಡವುವ ಸಾಧ್ಯತೆ ಇದೆ ಎಂಬುದನ್ನು ವಿವರವಾಗಿ ತಿಳಿದುಕೊಂಡು, ಕೊನೆಯಲ್ಲಿ ಅವರ ಪ್ರಶ್ನೆಗೆ ಉತ್ತರಿಸುವ ಪ್ರಯತ್ನ ಮಾಡಿದ್ದೇವೆ. ವಿದೇಶಗಳಲ್ಲಿರುವ ನಮ್ಮ ಇತರ ಓದುಗರಿಗೂ ಇದು ಉಪಯೋಗವಾದೀತು ಎಂಬುದು ನಮ್ಮ ನಂಬಿಕೆ.

ಏನಿದು ಡಿಸ್ಕ್ ಗಾಲ್ಫ್?

ಗಾಲ್ಫ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶ್ರೀಮಂತರ ಕ್ಲಬ್ಬು, ಹಸಿರು ಹಾಸು, ದುಬಾರಿ ದಾಂಡುಗಳು. ಡಿಸ್ಕ್ ಗಾಲ್ಫಿಗೂ ಇದಕ್ಕೂ ಇರುವ ಸಂಬಂಧ ನಿಯಮಗಳ ಮಟ್ಟಿಗೆ ಮಾತ್ರ. ಇಲ್ಲಿ ಚೆಂಡಿಲ್ಲ, ದಾಂಡಿಲ್ಲ, ನೆಲದಲ್ಲಿ ಕುಳಿಯೂ ಇಲ್ಲ. ಚೆಂಡಿನ ಬದಲು ಕೈಯಿಂದ ಎಸೆಯುವ ಪ್ಲಾಸ್ಟಿಕ್ ತಟ್ಟೆ ಇದೆ. ಮಕ್ಕಳು ಸಮುದ್ರ ತೀರದಲ್ಲಿ ಆಡುವ ಫ್ರಿಸ್ಬಿಯ ಹತ್ತಿರದ ಸಂಬಂಧಿ ಇದು. ಆದರೆ ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು, ಅಂಚು ಹೆಚ್ಚು ಹರಿತ, ತೂಕ ಸಾಮಾನ್ಯವಾಗಿ 150ರಿಂದ 175 ಗ್ರಾಂ. ಕುಳಿಯ ಬದಲು ಒಂದು ಕಬ್ಬಿಣದ ಕಂಬ. ಅದರ ನಡುಮಟ್ಟದಲ್ಲಿ ತಂತಿಯ ಬುಟ್ಟಿ. ಬುಟ್ಟಿಯ ಮೇಲ್ಗಡೆ ಜೋತುಬಿದ್ದ ಸರಪಳಿಗಳು. ಹಾರಿ ಬಂದ ಡಿಸ್ಕ್ ಸರಪಳಿಗೆ ಬಡಿದು, ಝಣಝಣ ಸದ್ದು ಮಾಡಿ ಬುಟ್ಟಿಯೊಳಗೆ ಬಿದ್ದರೆ ಆ ‘ಹೋಲ್’ ಮುಗಿದಂತೆ.

ಆಟಗಾರನು ‘ಟೀ’ ಎಂದು ಕರೆಯಲಾಗುವ ನಿಗದಿತ ಜಾಗದಿಂದ ಮೊದಲ ಎಸೆತ ಎಸೆಯುತ್ತಾನೆ. ಡಿಸ್ಕ್ ಎಲ್ಲಿ ಬಿತ್ತೋ ಅಲ್ಲಿಂದ ಮುಂದಿನ ಎಸೆತ. ಹೀಗೆ ಬುಟ್ಟಿ ಸೇರುವವರೆಗೆ ಎಷ್ಟು ಎಸೆತಗಳಾದವು ಎಂದು ಲೆಕ್ಕವಿಡುತ್ತಾರೆ. ಗಡಿಯಿಂದ ಹೊರಗೆ ಬಿದ್ದರೆ ಒಂದು ಎಸೆತದ ದಂಡ. ಒಂದು ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಇಂತಹ 9 ಅಥವಾ 18 ಹೋಲ್‌ಗಳಿರುತ್ತವೆ. ಎಲ್ಲವನ್ನೂ ಮುಗಿಸಲು ಯಾರು ಕಡಿಮೆ ಎಸೆತಗಳನ್ನು ಬಳಸಿದರೋ ಅವರೇ ಗೆದ್ದವರು. ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಆಡಬಹುದಾದ ಆಟ. ಹೆಚ್ಚಿನ ಸಮಯ ಹೋಗುವುದು ನಡೆಯುವುದರಲ್ಲೇ.

ಕಂಬದಿಂದ ಸರಪಳಿಯವರೆಗೆ

ಫ್ರಿಸ್ಬಿಯ ಕಥೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಗುತ್ತದೆ. ಫ್ರೆಡ್ ಮಾರಿಸನ್ ಎಂಬವರು ರೂಪಿಸಿದ ಹಾರುವ ತಟ್ಟೆಯ ಹಕ್ಕನ್ನು ವ್ಯಾಮ್-ಓ ಎಂಬ ಆಟಿಕೆ ಕಂಪನಿ 1957ರಲ್ಲಿ ಪಡೆದುಕೊಂಡು ‘ಫ್ರಿಸ್ಬಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಅದೇ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಎಂಬವರು 1960ರ ದಶಕದಲ್ಲಿ ತಟ್ಟೆಯ ಮೇಲ್ಮೈಯಲ್ಲಿ ಸಣ್ಣ ಗೆರೆಗಳ ಸುತ್ತುಗಳನ್ನು ಮೂಡಿಸಿ, ಅದು ಗಾಳಿಯಲ್ಲಿ ನೇರವಾಗಿ, ಸ್ಥಿರವಾಗಿ ಹಾರುವಂತೆ ಮಾಡಿದರು. ಆಗಲೇ ಅಲ್ಲಲ್ಲಿ ಹುಡುಗರು ಮರ, ಕಂಬ, ಕಸದ ಡಬ್ಬಿಗಳನ್ನು ಗುರಿಯಾಗಿಸಿಕೊಂಡು ತಟ್ಟೆ ಎಸೆಯುವ ಆಟ ಆಡುತ್ತಿದ್ದರು. ಅದಕ್ಕೆ ಶಾಶ್ವತ ಅಂಗಣ ಎಂಬುದೊಂದು ಇರಲಿಲ್ಲ.

1975ರಲ್ಲಿ ಹೆಡ್ರಿಕ್ ಅವರು ಲಾಸ್ ಏಂಜಲೀಸ್ ಬಳಿಯ ಓಕ್ ಗ್ರೋವ್ ಪಾರ್ಕ್‌ನಲ್ಲಿ ಮೊದಲ ಶಾಶ್ವತ ಕೋರ್ಸ್ ಅನ್ನು ನಿರ್ಮಿಸಿದರು. ಅಲ್ಲಿ ಗುರಿಗಳಾಗಿದ್ದದ್ದು ನೆಲದಲ್ಲಿ ನೆಟ್ಟ ಬರೇ ಕಂಬಗಳು. ಇದರಿಂದ ಒಂದು ತೊಂದರೆ ಎದುರಾಯಿತು. ಡಿಸ್ಕ್ ಕಂಬಕ್ಕೆ ತಾಗಿತೋ, ತಾಗದೆ ಪಕ್ಕದಿಂದ ಹೋಯಿತೋ ಎಂಬ ವಾದ ಮುಗಿಯುತ್ತಲೇ ಇರಲಿಲ್ಲ. ನಮ್ಮಲ್ಲಿ ಲಗೋರಿ ಆಡಿದವರಿಗೆ ಈ ಬಗೆಯ ಜಗಳದ ಪರಿಚಯ ಇದ್ದೇ ಇದೆ. ಇದಕ್ಕೆ ಪರಿಹಾರವಾಗಿ ಹೆಡ್ರಿಕ್ ಅವರು ಮಗ ಕೆನ್ ಜೊತೆಗೂಡಿ ಸರಪಳಿ ಮತ್ತು ಬುಟ್ಟಿಯ ಕಂಬವನ್ನು ತಯಾರಿಸಿದರು. ಇದಕ್ಕೆ 1977ರಲ್ಲಿ ಪೇಟೆಂಟ್ ಸಿಕ್ಕಿತು. ಬುಟ್ಟಿಯೊಳಗೆ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ವಾದಕ್ಕೆ ಅವಕಾಶವೇ ಇಲ್ಲ. ಆಟಗಾರರ ಸಂಸ್ಥೆಯಾದ ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್ 1976ರಲ್ಲಿ ಹುಟ್ಟಿದ್ದೂ ಹೆಡ್ರಿಕ್ ಅವರ ಪ್ರಯತ್ನದಿಂದಲೇ. ಅವರು 2002ರಲ್ಲಿ ನಿಧನರಾದರು.

ಇಂದು ಜಗತ್ತಿನಾದ್ಯಂತ 15,000ಕ್ಕೂ ಹೆಚ್ಚು ಕೋರ್ಸ್‌ಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕದಲ್ಲೇ ಇವೆ. ಫಿನ್‌ಲ್ಯಾಂಡ್, ಎಸ್ಟೋನಿಯಾ, ಐಸ್‌ಲ್ಯಾಂಡ್‌ನಂತಹ ಪುಟ್ಟ ದೇಶಗಳು ಜನಸಂಖ್ಯೆಯ ಲೆಕ್ಕದಲ್ಲಿ ಅಮೆರಿಕವನ್ನೂ ಮೀರಿಸಿವೆ. ಐವತ್ತಾರು ಲಕ್ಷದಷ್ಟು ಜನರಿರುವ ಫಿನ್‌ಲ್ಯಾಂಡ್ ಒಂದರಲ್ಲೇ ಎಂಟು ನೂರಕ್ಕೂ ಹೆಚ್ಚು ಕೋರ್ಸ್‌ಗಳಿವೆ. 2025ರ ವೃತ್ತಿಪರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದೂ ಅಲ್ಲಿಯೇ. 2020ರಲ್ಲಿ ಕೊರೋನಾ ಕಾಲದಲ್ಲಿ ಒಳಾಂಗಣ ಆಟಗಳೆಲ್ಲ ನಿಂತುಹೋದಾಗ, ಬಯಲಿನಲ್ಲಿ ದೂರ ದೂರ ನಿಂತು ಆಡಬಹುದಾದ ಈ ಆಟಕ್ಕೆ ಜನ ಮುಗಿಬಿದ್ದರು. ಅಲ್ಲಿಂದೀಚೆಗೆ ಹೊಸ ಕೋರ್ಸ್‌ಗಳಿಗಾಗಿ ಊರೂರುಗಳಿಂದ ಬೇಡಿಕೆ ಬರುತ್ತಿದೆ. ನಮ್ಮ ಓದುಗರ ಪಟ್ಟಣದ ಅರ್ಜಿಯೂ ಅಂತಹವುಗಳಲ್ಲಿ ಒಂದು.

ಊರುಗಳು ಒಪ್ಪುವುದೇಕೆ?

ನಗರಾಡಳಿತಗಳು ಇಂತಹ ಅರ್ಜಿಗಳಿಗೆ ಸುಲಭವಾಗಿ ಕಿವಿಗೊಡುವುದಕ್ಕೆ ಮುಖ್ಯ ಕಾರಣ ಖರ್ಚು. ಚೆಂಡಿನ ಗಾಲ್ಫಿಗೆ 18 ಹೋಲ್‌ಗಳ ಮೈದಾನ ಬೇಕಾದರೆ ನೂರು ಎಕರೆಗೂ ಮಿಕ್ಕಿ ಜಾಗ ಬೇಕು. ಹುಲ್ಲಿಗೆ ನೀರು, ಗೊಬ್ಬರ, ಔಷಧಿ, ಯಂತ್ರಗಳು ಬೇಕು. ಡಿಸ್ಕ್ ಗಾಲ್ಫಿನ 18 ಹೋಲ್‌ಗಳು ಇಪ್ಪತ್ತು ಎಕರೆಯ ಆಸುಪಾಸಿನಲ್ಲಿ ಮುಗಿಯುತ್ತವೆ. ಹೊಸಬರಿಗಾಗಿ 9 ಹೋಲ್‌ಗಳ ಚಿಕ್ಕ ಕೋರ್ಸ್ ಸಾಕೆಂದಾದರೆ ಸುಮಾರು ಐದು ಎಕರೆಯಲ್ಲೂ ಹೊಂದಿಸಬಹುದು. ನೆಲ ಸಮತಟ್ಟಾಗಿರಬೇಕೆಂದಿಲ್ಲ. ಮರಗಳಿರುವ, ಏರುತಗ್ಗಿನ, ಬೇರೆ ಯಾವ ಆಟಕ್ಕೂ ಒದಗದ ಜಾಗವೇ ಇದಕ್ಕೆ ಹೆಚ್ಚು ಸೂಕ್ತ. ಬುಟ್ಟಿಯೊಂದಕ್ಕೆ ಕೆಲವು ನೂರು ಡಾಲರ್. ಟೀ ಕಟ್ಟೆಗಳಿಗೆ ಕಾಂಕ್ರೀಟ್, ಪ್ರತಿ ಹೋಲ್‌ನ ನಕ್ಷೆ ತೋರಿಸುವ ಫಲಕ, ಕುಳಿತುಕೊಳ್ಳಲು ಬೆಂಚು, ಕಸದ ಡಬ್ಬಿ. ಇಷ್ಟಿದ್ದರೆ ಸಾಕು. ಒಂದು ಟೆನಿಸ್ ಅಂಗಣವನ್ನು ಹೊಸದಾಗಿ ಕಟ್ಟುವ ಹಣದಲ್ಲಿ ಸಾಮಾನ್ಯ ಮಟ್ಟದ ಒಂದು ಪೂರ್ಣ ಕೋರ್ಸ್ ಸಿದ್ಧವಾಗುತ್ತದೆ ಎಂದರೆ ತಪ್ಪಾಗಲಾರದು.

ಎರಡನೆಯ ಕಾರಣ, ಈ ಆಟದ ಬಾಗಿಲು ಎಲ್ಲರಿಗೂ ತೆರೆದಿರುವುದು. ಕೋರ್ಸ್‌ಗಳಲ್ಲಿ ಹೆಚ್ಚಿನವು ಸಾರ್ವಜನಿಕ ಉದ್ಯಾನಗಳಲ್ಲಿದ್ದು, ಅಲ್ಲಿ ಆಡಲು ಶುಲ್ಕವಿಲ್ಲ. ಕೈಯಲ್ಲೊಂದು ಡಿಸ್ಕ್ ಇದ್ದರೆ ಸಾಕು, ಸದಸ್ಯತ್ವ ಬೇಡ, ಸಮವಸ್ತ್ರ ಬೇಡ. ಫುಟ್‌ಬಾಲ್, ಬೇಸ್‌ಬಾಲ್ ತಂಡಗಳಿಗೆ ಆಯ್ಕೆಯಾಗದ ಮಕ್ಕಳಿಗೂ ಇಲ್ಲಿ ಜಾಗವಿದೆ.

ಮೂರನೆಯದಾಗಿ, ಇದರಿಂದ ಊರಿಗೇ ಹೆಸರು ಬಂದ ಉದಾಹರಣೆಗಳಿವೆ. ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಸುಮಾರು 24,000 ಜನಸಂಖ್ಯೆಯ ಪಟ್ಟಣ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಜೆರೆಮಿ ರಸ್ಕೊ ಎಂಬ ಯುವಕ 2005ರಲ್ಲಿ ಡೈನಾಮಿಕ್ ಡಿಸ್ಕ್ಸ್ ಎಂಬ ಸಣ್ಣ ವ್ಯಾಪಾರ ಆರಂಭಿಸಿದರು. ಅದು ಬೆಳೆದು ಊರಿಗೆ ಉದ್ಯೋಗ ತಂದಿತು. ಪಾರ್ಕ್‌ಗಳಿಗೆ ಕೋರ್ಸ್‌ಗಳು ಬಂದವು. ಕಂಟ್ರಿ ಕ್ಲಬ್‌ನ ಚೆಂಡಿನ ಗಾಲ್ಫ್ ಮೈದಾನದಲ್ಲೂ ಬುಟ್ಟಿಗಳು ಎದ್ದುನಿಂತವು. 2016ರಲ್ಲಿ, ಮತ್ತೆ 2022ರಲ್ಲಿ ವೃತ್ತಿಪರ ವಿಶ್ವ ಚಾಂಪಿಯನ್‌ಶಿಪ್ ಅಲ್ಲಿಯೇ ನಡೆಯಿತು. ಆದರೆ ಎಲ್ಲ ಊರುಗಳೂ ಎಂಪೋರಿಯಾ ಆಗುತ್ತವೆ ಎಂದು ಸಭೆಯಲ್ಲಿ ಯಾರಾದರೂ ಭರವಸೆ ಕೊಟ್ಟರೆ ಅದನ್ನು ನಂಬಬೇಕಾಗಿಲ್ಲ. ಅಲ್ಲಿ ಹತ್ತಾರು ವರ್ಷ ಊರಲ್ಲೇ ನಿಂತು ದುಡಿದವರಿದ್ದರು ಎಂಬುದನ್ನು ಮರೆಯಬಾರದು.

ಕೋರ್ಸ್ ನಿರ್ಮಾಣ: ಒಂದೊಂದೇ ಹೆಜ್ಜೆ

ಒಂದು ಊರಿನಲ್ಲಿ ಹೊಸ ಕೋರ್ಸ್ ಬೇಕೆಂದಾದರೆ ಸಾಮಾನ್ಯವಾಗಿ ಕೆಲಸ ಹೀಗೆ ಸಾಗುತ್ತದೆ.

ಮೊದಲನೆಯದು ಗುಂಪು ಕಟ್ಟುವುದು. ಒಬ್ಬಂಟಿ ಅರ್ಜಿದಾರನಿಗಿಂತ ನೋಂದಾಯಿತ ಕ್ಲಬ್ಬಿನ ಮಾತಿಗೆ ತೂಕ ಹೆಚ್ಚು. ನಾಳೆ ಒಬ್ಬ ಊರು ಬಿಟ್ಟು ಹೋದರೂ ಕ್ಲಬ್ ಉಳಿಯುತ್ತದೆ ಎಂಬ ಧೈರ್ಯ ಅಧಿಕಾರಿಗಳಿಗೆ ಬೇಕು.

ಎರಡನೆಯದು ಜಾಗ ಹುಡುಕುವುದು. ಉದ್ಯಾನ ಇಲಾಖೆಯ ಜಾಗವಷ್ಟೇ ಅಲ್ಲ, ಕಾಲೇಜುಗಳ ಆವರಣ, ಬೇಸಗೆ ಶಿಬಿರಗಳ ಜಮೀನು, ಕೆಲವೆಡೆ ಚರ್ಚುಗಳ ಜಮೀನಿನಲ್ಲೂ ಕೋರ್ಸ್‌ಗಳು ತಲೆಯೆತ್ತಿವೆ. ಜಾಗ ನೋಡುವಾಗ ಅದು ಖಾಲಿ ಇದೆಯೇ ಎಂದು ಕೇಳುವುದಕ್ಕಿಂತ, ಈಗ ಅದನ್ನು ಯಾರು, ಯಾವ ಹೊತ್ತಿನಲ್ಲಿ, ಯಾತಕ್ಕಾಗಿ ಬಳಸುತ್ತಾರೆ ಎಂದು ಕೇಳುವುದು ಜಾಣತನ. ನಕ್ಷೆಯಲ್ಲಿ ಖಾಲಿ ಕಂಡ ಜಾಗ ಸಂಜೆ ಐದು ಗಂಟೆಗೆ ಖಾಲಿ ಇರುವುದಿಲ್ಲ.

ಮೂರನೆಯದು ವಿನ್ಯಾಸ. ಇದು ಅನುಭವಿಗಳ ಕೆಲಸ. ನುರಿತ ಆಟಗಾರ ಎಸೆದ ಡಿಸ್ಕ್ ಗಂಟೆಗೆ 100 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹಾರಬಲ್ಲದು. ತಲೆಗೆ ಬಡಿದರೆ ಗಾಯ ಖಂಡಿತ. ಬಲಗೈ ಆಟಗಾರನ ಸಾಮಾನ್ಯ ಎಸೆತ ವೇಗ ಕಳೆದುಕೊಂಡಾಗ ಎಡಕ್ಕೆ ವಾಲುತ್ತದೆ. ಹಿಡಿತ ಬಿಡುವುದು ಒಂದು ಕ್ಷಣ ತಡವಾದರೆ ಅದೇ ಎಸೆತ ಬಲಕ್ಕೆ ಓಡುತ್ತದೆ. ಹೊಸಬರ ಡಿಸ್ಕ್ ಯಾವ ಕಡೆಗೂ ಹೋದೀತು. ಆದ್ದರಿಂದ ಟೀಯಿಂದ ಬುಟ್ಟಿಗೆ ಒಂದು ನೇರ ಗೆರೆ ಎಳೆದರೆ ಸಾಲದು. ಗೆರೆಯ ಎರಡೂ ಬದಿಗಳಲ್ಲಿ ತಪ್ಪಿದ ಎಸೆತ ಬೀಳುವ ಜಾಗವನ್ನೂ ಲೆಕ್ಕ ಹಾಕಬೇಕು. ಆ ಜಾಗದಲ್ಲಿ ಕಾಲುದಾರಿ, ಮಕ್ಕಳ ಅಂಗಣ, ರಸ್ತೆ, ಮನೆಯಂಗಳ ಬರಬಾರದು. ಒಂದು ಹೋಲ್‌ನ ಆಟಗಾರರ ಎಸೆತ ಇನ್ನೊಂದರ ಆಟಗಾರರ ಮೇಲೆ ಬೀಳುವಂತಿರಬಾರದು. ಟೀ ಕಟ್ಟೆ ಸುಮಾರು 5 ಅಡಿ ಅಗಲ, 12 ಅಡಿ ಉದ್ದವಿದ್ದು ಮಳೆಯಲ್ಲೂ ಕಾಲು ಜಾರದಂತಿರಬೇಕು. ಇವೆಲ್ಲವನ್ನೂ ನೆಲದ ಮೇಲೆ ಬಾವುಟಗಳನ್ನು ನೆಟ್ಟು, ನಡೆದು ನೋಡಿಯೇ ತೀರ್ಮಾನಿಸಬೇಕು. ಕಾಗದದ ಮೇಲೆ ಚೆಂದ ಕಂಡರೆ ಸಾಲದು.

ನಾಲ್ಕನೆಯದು ಹಣ. ಇದಕ್ಕೆ ಅಮೆರಿಕದ ಕ್ಲಬ್ಬುಗಳು ಕಂಡುಕೊಂಡ ದಾರಿ ನಮಗೂ ಪರಿಚಿತವೇ. ಪ್ರತಿ ಹೋಲ್‌ಗೆ ಒಬ್ಬ ದಾನಿ. ಊರಿನ ಅಂಗಡಿಯೋ, ದಂತವೈದ್ಯರೋ, ತೀರಿಹೋದ ತಂದೆಯ ನೆನಪಿಗಾಗಿ ಒಂದು ಕುಟುಂಬವೋ ಹಣ ಕೊಡುತ್ತದೆ. ಫಲಕದ ಕೆಳಗೆ ಅವರ ಹೆಸರು ಬರುತ್ತದೆ. ನಮ್ಮ ದೇವಾಲಯಗಳ ಬೆಂಚುಗಳ ಹಿಂದೆ ದಾನಿಗಳ ಹೆಸರು ಕೆತ್ತಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಐದನೆಯದು ಒಪ್ಪಿಗೆ. ಉದ್ಯಾನ ಮಂಡಳಿಯ ಮುಂದೆ ಪ್ರಸ್ತಾವನೆ ಇಡಬೇಕು, ಸಾರ್ವಜನಿಕ ಸಭೆ ನಡೆಯಬೇಕು, ನಗರಸಭೆ ಮಂಜೂರು ಮಾಡಬೇಕು. ನಗರಾಡಳಿತ ಏನು ಮಾಡುತ್ತದೆ, ಕ್ಲಬ್ ಏನು ಮಾಡುತ್ತದೆ ಎಂಬ ಬಗ್ಗೆ ಲಿಖಿತ ಒಪ್ಪಂದವಾಗಬೇಕು.

ಆರನೆಯದು ಶ್ರಮದಾನ. ಪೊದೆ ಸವರುವುದು, ಕುಣಿ ತೋಡುವುದು, ಕಾಂಕ್ರೀಟ್ ಸುರಿಯುವುದು, ಬುಟ್ಟಿ ನಿಲ್ಲಿಸುವುದು ಇವೆಲ್ಲ ಹಲವೆಡೆ ವಾರಾಂತ್ಯಗಳಲ್ಲಿ ಸ್ವಯಂಸೇವಕರಿಂದಲೇ ನಡೆಯುತ್ತವೆ. ಸ್ಕೌಟ್ ದಳದ ಹುಡುಗರು ತಮ್ಮ ಅತ್ಯುನ್ನತ ಪದವಿಯಾದ ‘ಈಗಲ್ ಸ್ಕೌಟ್’ ಪಡೆಯಲು ಮಾಡಬೇಕಾದ ಸಮಾಜಸೇವೆಯ ಕೆಲಸವಾಗಿ ಕೋರ್ಸ್ ಕಟ್ಟಿಕೊಟ್ಟ ಉದಾಹರಣೆಗಳೂ ಇವೆ.

ಕಟ್ಟಿದ ಮೇಲೆ ಏನಾಗುತ್ತದೆ?

ಇಷ್ಟರವರೆಗೆ ಓದಿದವರಿಗೆ ಇದರಲ್ಲಿ ತೊಂದರೆ ಎಲ್ಲಿದೆ ಎಂದು ಅನಿಸಬಹುದು. ತೊಂದರೆ ಇರುವುದು ಉದ್ಘಾಟನೆಯ ಮರುದಿನದಿಂದ. ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಅನುಭವ ಇದಕ್ಕೆ ಸಾಕ್ಷಿ.

ಆಸ್ಟಿನ್ ನಗರದ ನಡುವೆ, ಶೋಲ್ ಕ್ರೀಕ್ ಎಂಬ ತೊರೆಯ ದಂಡೆಯಲ್ಲಿ ಪೀಸ್ ಪಾರ್ಕ್ ಇದೆ. ಅಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಡಿಸ್ಕ್ ಗಾಲ್ಫ್ ಕೋರ್ಸ್ ಇತ್ತು. ಉಚಿತ, ನಗರದ ಮಧ್ಯೆ, ವಿಶ್ವವಿದ್ಯಾನಿಲಯಕ್ಕೆ ಹತ್ತಿರ. ಹೀಗಾಗಿ ಜನರಿಗೆ ಬಹಳ ಅಚ್ಚುಮೆಚ್ಚು. ಆ ಮೆಚ್ಚುಗೆಯೇ ಅದಕ್ಕೆ ಮುಳುವಾಯಿತು. ದಿನವೂ ಅದೇ ಜಾಗದಲ್ಲಿ ಓಡಾಡಿದ ಕಾಲುಗಳಿಂದ ಹುಲ್ಲು ಮಾಯವಾಗಿ ನೆಲ ಗಟ್ಟಿಯಾಯಿತು. ಮಳೆ ಬಂದಾಗ ಬೋಳು ನೆಲದ ಮಣ್ಣು ಕೊಚ್ಚಿ ತೊರೆ ಸೇರಿತು. ಕೊನೆಗೆ 2011ರಲ್ಲಿ ನಗರಾಡಳಿತ ಆ ಕೋರ್ಸ್ ಅನ್ನು ಮುಚ್ಚಿಬಿಟ್ಟಿತು. ಬದಲಿಗೆ ರಾಯ್ ಜಿ. ಗೆರೆರೊ ಪಾರ್ಕ್‌ನಲ್ಲಿ ಹೊಸ ಕೋರ್ಸ್ ಬಂತು. ಪೀಸ್ ಪಾರ್ಕ್‌ನಲ್ಲಿ ಆಡುತ್ತಾ ಬೆಳೆದವರಿಗೆ ಇದು ಬಹಳ ನೋವಿನ ವಿಷಯವಾಗಿತ್ತು. ಆದರೆ ನೆಲಕ್ಕೂ ಒಂದು ತಾಳ್ಮೆಯ ಮಿತಿ ಇದೆ.

ಈ ಹಾನಿಯನ್ನು ತಪ್ಪಿಸುವ ಉಪಾಯಗಳಿಲ್ಲವೆಂದಲ್ಲ. ಒಂದೊಂದು ಹೋಲ್‌ಗೂ ಎರಡು ಮೂರು ಕಡೆ ನೆಲದಲ್ಲಿ ಕೊಳವೆಗಳನ್ನು ಹೂತಿಟ್ಟು, ಬುಟ್ಟಿಯನ್ನು ಆಗಾಗ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದರೆ, ಸವೆದ ನೆಲಕ್ಕೆ ವಿಶ್ರಾಂತಿ ಸಿಕ್ಕಿ ಹುಲ್ಲು ಮತ್ತೆ ಚಿಗುರುತ್ತದೆ. ನಮ್ಮ ಹಿರಿಯರು ಗದ್ದೆಗೆ ಬಿಡುವು ಕೊಡುತ್ತಿದ್ದುದೂ ಇದೇ ತತ್ವದಿಂದ. ಮರಗಳ ಬುಡದಲ್ಲಿ ಮರದ ಚಕ್ಕೆಗಳನ್ನು ಹರಡಿದರೆ ಬೇರಿನ ಮೇಲೆ ಮಣ್ಣು ಗಟ್ಟಿಯಾಗುವುದಿಲ್ಲ. ಎಸೆತದ ದಾರಿಯಲ್ಲಿರುವ ಮರಗಳ ಕಾಂಡಕ್ಕೆ ರಕ್ಷಣೆ ಕೊಡದಿದ್ದರೆ ಡಿಸ್ಕ್‌ಗಳ ಹೊಡೆತಕ್ಕೆ ತೊಗಟೆ ಸುಲಿದುಹೋಗುತ್ತದೆ. ಎಳೆಯ ಮರಗಳು ಸತ್ತೇಹೋಗಬಹುದು. ಇಳಿಜಾರಿನಲ್ಲಿ ಮೆಟ್ಟಿಲು, ನೀರು ಹರಿಯಲು ದಾರಿ ಬೇಕು. ಇವು ಯಾವುವೂ ದೊಡ್ಡ ಖರ್ಚಿನ ಕೆಲಸಗಳಲ್ಲ. ಆದರೆ ಇವನ್ನು ಪ್ರತಿ ತಿಂಗಳು, ಪ್ರತಿ ವರ್ಷ ಮಾಡುತ್ತಲೇ ಇರಬೇಕು. ಬುಟ್ಟಿ ನೆಡುವ ದಿನ ಬರುವ ಜನ ಹತ್ತು ವರ್ಷಗಳ ನಂತರ ಚಕ್ಕೆ ಹರಡಲು ಬರುತ್ತಾರೆಯೇ ಎಂಬುದೇ ನಿಜವಾದ ಪ್ರಶ್ನೆ.

ನೆಲದ ಮಾತು ಹೀಗಾದರೆ, ಜನರ ಮಾತು ಇನ್ನೊಂದು. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಇದರ ಎರಡೂ ಮುಖಗಳನ್ನು ಕಾಣಬಹುದು. ಅಲ್ಲಿನ ಪ್ರಸಿದ್ಧ ಗೋಲ್ಡನ್ ಗೇಟ್ ಪಾರ್ಕ್‌ನಲ್ಲಿ 2000ದ ದಶಕದಲ್ಲಿ ಕೋರ್ಸ್ ಬಂದದ್ದು ಮೊದಲು ಪ್ರಯೋಗದ ರೂಪದಲ್ಲಿ. ಆಟ ಹೇಗೆ ನಡೆಯುತ್ತದೆ, ಇತರರಿಗೆ ತೊಂದರೆಯಾಗುತ್ತದೆಯೇ ಎಂದು ನೋಡಿದ ಬಳಿಕವೇ ಅದು ಶಾಶ್ವತವಾಯಿತು. ಸ್ಥಳೀಯ ಕ್ಲಬ್ಬಿನ ಸದಸ್ಯರು ಅಲ್ಲಿ ಶ್ರಮದಾನ ನಡೆಸುತ್ತಾ ಬಂದಿದ್ದಾರೆ. ಅದೇ ನಗರದ ಮಕ್ಲಾರೆನ್ ಪಾರ್ಕ್‌ನಲ್ಲಿ ಇನ್ನೊಂದು ಕೋರ್ಸ್ ಮಾಡುವ ಪ್ರಸ್ತಾವನೆ ಬಂದಾಗ ಸುತ್ತಮುತ್ತಲಿನ ನಿವಾಸಿಗಳಿಂದ ತೀವ್ರ ವಿರೋಧ ವ್ಯಕ್ತವಾಯಿತು. ಅದೇ ನಗರ, ಅದೇ ಆಟ. ಆದರೂ ಒಂದು ಪಾರ್ಕ್‌ನಲ್ಲಿ ಸ್ವಾಗತ, ಇನ್ನೊಂದರಲ್ಲಿ ಪ್ರತಿಭಟನೆ. ನಡೆದಾಡುವವರು, ನಾಯಿಗಳನ್ನು ಕರೆತರುವವರು, ಹಕ್ಕಿ ನೋಡಲು ಬರುವವರು, ಸುಮ್ಮನೆ ಕುಳಿತುಕೊಳ್ಳಲು ಬರುವವರು ಇವರಿಗೆ ಕ್ಲಬ್ ಇಲ್ಲ, ಅಧ್ಯಕ್ಷರಿಲ್ಲ, ಬ್ಯಾನರ್ ಇಲ್ಲ. ಹಾಗೆಂದು ಅವರ ಹಕ್ಕು ಕಡಿಮೆಯೇನಲ್ಲ.

ಇದಕ್ಕೆ ವಿರುದ್ಧವಾದ ಮಾತನ್ನೂ ಹೇಳಬೇಕು. ಯಾರೂ ಕಾಲಿಡದೆ, ಕುಡುಕರ, ಕಸ ಎಸೆಯುವವರ ಪಾಲಾಗಿರುವ ಪಾರ್ಕುಗಳೂ ಇರುತ್ತವೆ. ಅಂತಹ ಜಾಗಕ್ಕೆ ಬೆಳಗ್ಗಿನಿಂದ ಸಂಜೆಯವರೆಗೆ ಆಟಗಾರರು ಬರತೊಡಗಿದರೆ ಇತರರಿಗೂ ಅಲ್ಲಿ ನಡೆದಾಡಲು ಧೈರ್ಯ ಬರುತ್ತದೆ. ಆದ್ದರಿಂದ ಕೋರ್ಸ್ ಎಲ್ಲೆಡೆಯೂ ಕೆಡುಕು ಎನ್ನುವುದೂ ಸರಿಯಲ್ಲ, ಎಲ್ಲೆಡೆಯೂ ಒಳಿತು ಎನ್ನುವುದೂ ಸರಿಯಲ್ಲ. ಜಾಗ ಯಾವುದು, ಅಲ್ಲಿ ಈಗ ಯಾರಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಈಗ ನಮ್ಮ ಓದುಗರ ಪ್ರಶ್ನೆಗೆ ಬರೋಣ. ಸಭೆಯಲ್ಲಿ ಎದ್ದುನಿಂತು ಬೇಕು ಅಥವಾ ಬೇಡ ಎನ್ನುವ ಮೊದಲು ಈ ಕೆಲವು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

1. ಉದ್ದೇಶಿತ ಹೋಲ್‌ಗಳಲ್ಲಿ ಎಷ್ಟು ಈಗಿನ ಕಾಲುದಾರಿಯನ್ನು ದಾಟುತ್ತವೆ? ದಾಟುವುದಾದರೆ ದಾರಿಯನ್ನೇ ಬೇರೆಡೆಗೆ ಸರಿಸಬೇಕೆನ್ನುತ್ತಾರೋ, ಹೋಲ್ ಅನ್ನು ಸರಿಸುತ್ತಾರೋ?

2. ಜಾರುಬಂಡಿಯ ಬಳಿ, ಮನೆಗಳ ಬೇಲಿಯ ಬಳಿ ತಪ್ಪಿದ ಎಸೆತ ಬೀಳಲು ಎಷ್ಟು ಜಾಗ ಬಿಟ್ಟಿದ್ದಾರೆ?

3. ತೋಡಿನ ದಂಡೆಯಿಂದ ಬುಟ್ಟಿಗಳು ಎಷ್ಟು ದೂರ? ನೀರಿಗೆ ಬಿದ್ದ ಡಿಸ್ಕ್ ತೆಗೆಯಲು ಹತ್ತಾರು ಜನ ದಂಡೆ ಇಳಿದರೆ ಅದು ಕುಸಿಯದೆ ಇರುತ್ತದೆಯೇ?

4. 18 ಹೋಲ್‌ಗಳೇ ಬೇಕೇ? ಪಾರ್ಕಿನ ಒಂದು ಬದಿಯಲ್ಲಿ 9 ಹೋಲ್‌ಗಳ ಚಿಕ್ಕ ಕೋರ್ಸ್ ಮಾಡಿ, ಇನ್ನೊಂದು ಬದಿಯನ್ನು ನಡೆದಾಡುವವರಿಗೆ ಬಿಡಲು ಸಾಧ್ಯವೇ?

5. ವಾಹನಗಳು ಎಲ್ಲಿ ನಿಲ್ಲುತ್ತವೆ? ಕಸದ ಡಬ್ಬಿಗಳನ್ನು ಯಾರು, ಯಾವ ದಿನ ಖಾಲಿ ಮಾಡುತ್ತಾರೆ?

6. ಬುಟ್ಟಿಗಳ ಜಾಗ ಬದಲಾಯಿಸುವ, ಮರದ ಚಕ್ಕೆ ಹರಡುವ ಹೊಣೆ ಯಾರದ್ದು? ಅದು ಲಿಖಿತ ಒಪ್ಪಂದದಲ್ಲಿದೆಯೇ?

7. ಮೊದಲು ಸ್ಥಳಾಂತರಿಸಬಹುದಾದ ಬುಟ್ಟಿಗಳನ್ನಿಟ್ಟು ಕೆಲವು ತಿಂಗಳು ಪ್ರಯೋಗ ಮಾಡಿ, ಬಳಿಕ ಮತ್ತೊಮ್ಮೆ ಸಭೆ ಸೇರಿ ತೀರ್ಮಾನಿಸಲು ಅರ್ಜಿದಾರರು ಸಿದ್ಧರಿದ್ದಾರೆಯೇ?

ಈ ಪ್ರಶ್ನೆಗಳಿಗೆ ಯುವಕರಲ್ಲಿ ಉತ್ತರವಿದ್ದರೆ, ಅವರು ಬರೇ ಆಟಕ್ಕಾಗಿ ಅಲ್ಲ, ಜಾಗದ ಮೇಲಿನ ಕಾಳಜಿಯಿಂದಲೂ ಬಂದಿದ್ದಾರೆ ಎಂದು ತಿಳಿಯಬಹುದು. ಆಗ ಧೈರ್ಯವಾಗಿ ಒಪ್ಪಿಗೆ ಕೊಡಿ. ಉತ್ತರ ಇಲ್ಲದಿದ್ದರೆ, ಬೇಡವೆಂದು ಬಾಗಿಲು ಮುಚ್ಚುವ ಬದಲು, ಉತ್ತರ ಹುಡುಕಿಕೊಂಡು ಮತ್ತೆ ಬರುವಂತೆ ಅವರಿಗೆ ಕಾಲಾವಕಾಶ ಕೊಡಿ. ಯುವಕರು ಮನೆಯೊಳಗೆ ಮೊಬೈಲ್ ಹಿಡಿದು ಕುಳಿತುಕೊಳ್ಳುತ್ತಾರೆಂದು ದೂರುವ ನಾವೇ, ಹೊರಗೆ ಹೋಗಿ ಆಡಲು ಜಾಗ ಕೊಡಿ ಎಂದು ಕೇಳಿದಾಗ ಮುಖ ತಿರುಗಿಸಿದರೆ ಅದು ನ್ಯಾಯವಾಗದು. ಹಾಗೆಯೇ, ಎಪ್ಪತ್ತು ದಾಟಿದ ಒಬ್ಬ ತಾಯಿ ಪರದೇಶದಲ್ಲಿ ಕಂಡುಕೊಂಡ ಒಂದು ಗಂಟೆಯ ನಡಿಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಅದೂ ನ್ಯಾಯವಲ್ಲ.

ಒಂದು ಸಣ್ಣ ಸಲಹೆಯೊಂದಿಗೆ ಮುಗಿಸುತ್ತೇವೆ. ಸಭೆಗೆ ಇನ್ನೂ ಸಮಯವಿದೆ. ಒಂದು ಸಂಜೆ ಮಗ ಆ ನಕ್ಷೆಯನ್ನು ಕೈಯಲ್ಲಿ ಹಿಡಿದುಕೊಂಡು ಅಜ್ಜಿಯ ಜೊತೆ ಪಾರ್ಕಿಗೆ ಹೋಗಲಿ. ಅಜ್ಜಿ ದಿನವೂ ನಡೆಯುವ ದಾರಿ ಯಾವುದು, ಕುಳಿತುಕೊಳ್ಳುವ ಬೆಂಚು ಯಾವುದು ಎಂದು ತೋರಿಸಲಿ. ಮೊಮ್ಮಗ ಬುಟ್ಟಿಗಳು ಬರುವ ಜಾಗಗಳನ್ನು ತೋರಿಸಲಿ. ಎಲ್ಲಿ ಎರಡೂ ಒಂದರ ಮೇಲೊಂದು ಬೀಳುತ್ತವೋ ಅಲ್ಲಿ ನಕ್ಷೆಯ ಮೇಲೊಂದು ಗುರುತು ಹಾಕಲಿ. ತಂದೆಯವರು ಸಭೆಗೆ ಆ ಗುರುತು ಹಾಕಿದ ಕಾಗದವನ್ನೇ ಕೊಂಡುಹೋಗಲಿ. ಅದಕ್ಕಿಂತ ಉತ್ತಮವಾಗಿ ಹೇಳಬಹುದಾದ ಮಾತು ನಮಗೆ ತೋಚುತ್ತಿಲ್ಲ. ಸಭೆಯಲ್ಲಿ ಏನಾಯಿತು ಎಂದು ತಿಳಿಸಿದರೆ ನಮಗೆ ಸಂತೋಷವಾಗುತ್ತದೆ.